ತಿದ್ದಿದ ಅಕ್ಷರ

ಕನ್ನಡದ ‘ತಿದ್ದು’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ. ತಪ್ಪನ್ನು ಸರಿಪಡಿಸುವುದು ಒಂದು; ಬರೆದುಕೊಟ್ಟ ಅಕ್ಷರದ ಮೇಲೆಯೇ ಮತ್ತೆ ಮತ್ತೆ ಕೈಯಾಡಿಸಿ ಅದನ್ನು ರೂಢಿಸಿಕೊಳ್ಳುವುದು ಇನ್ನೊಂದು. ಉತ್ತರಪತ್ರಿಕೆಯನ್ನು ತಿದ್ದುವವರು ಗುರುಗಳು, ಅಕ್ಷರವನ್ನು ತಿದ್ದುವವನು ಶಿಷ್ಯ. ಇಬ್ಬರ ಕೆಲಸಕ್ಕೂ ನಮ್ಮ ಭಾಷೆ ಒಂದೇ ಮಾತನ್ನು ಇಟ್ಟುಕೊಂಡಿದೆ. ಕೆಲವು ವರ್ಷಗಳಿಂದ ಕ್ಯಾಲಿಗ್ರಫಿಯನ್ನು ಅಭ್ಯಾಸ ಮಾಡುತ್ತ, ಬೇರೆ ಬೇರೆ ನಾಡುಗಳಲ್ಲಿ ಈ ಕಲೆ ಬೆಳೆದುಬಂದ ಬಗೆಯನ್ನು ಓದುತ್ತ ಬಂದಿರುವ ನನಗೆ ಈ ಒಂದು ಮಾತು ಮತ್ತೆ ಮತ್ತೆ ಎದುರಾಗಿದೆ. ಲಿಪಿ ಯಾವುದೇ ಇರಲಿ, ಹಿಡಿದದ್ದು ಕುಂಚವೋ ಜೊಂಡಿನ ಲೇಖನಿಯೋ ಹಕ್ಕಿಯ ಗರಿಯೋ ಏನೇ ಇರಲಿ, ದೊಡ್ಡ ಅಕ್ಷರಕಾರರೆಲ್ಲರೂ ಮೊದಲು ಇನ್ನೊಬ್ಬರ ಅಕ್ಷರವನ್ನು ತಿದ್ದಿದವರೇ ಆಗಿದ್ದಾರೆ. ನಕಲು ಮಾಡುವುದನ್ನು ಕೀಳೆಂದು ನೋಡುವ ಕಾಲದಲ್ಲಿ ಬೆಳೆದ ನಾನು ಇದನ್ನು ಒಪ್ಪಿಕೊಳ್ಳಲು ಬಹಳ ದಿನ ಬೇಕಾಯಿತು.

ಚೀನಾದ ಅಕ್ಷರಕಲೆಯಲ್ಲಿ ಅತ್ಯಂತ ಹೆಸರುವಾಸಿಯಾದ ಕೃತಿಯ ಕಥೆಯೇ ಇದಕ್ಕೆ ಸಾಕ್ಷಿ. ಕ್ರಿ.ಶ. 353ರ ವಸಂತದಲ್ಲಿ, ಈಗಿನ ಶಾವ್‌ಶಿಂಗ್ ನಗರದ ಸಮೀಪದ ಲಾನ್‌ಟಿಂಗ್ ಎಂಬಲ್ಲಿ, ವಾಂಗ್ ಶೀಝಿ ಎಂಬ ಅಧಿಕಾರಿ ತನ್ನ ಗೆಳೆಯರನ್ನೂ ಬಂಧುಗಳನ್ನೂ ಕೂಡಿಸಿದ. ಒಟ್ಟು 42 ಮಂದಿ. ಅಂಕುಡೊಂಕಾಗಿ ಹರಿಯುವ ತೊರೆಯ ಎರಡೂ ದಂಡೆಗಳಲ್ಲಿ ಅವರು ಕುಳಿತರು; ಮೇಲಿನಿಂದ ಮದ್ಯದ ಬಟ್ಟಲುಗಳನ್ನು ನೀರಿನ ಮೇಲೆ ತೇಲಿಬಿಡಲಾಯಿತು. ಬಟ್ಟಲು ಯಾರ ಮುಂದೆ ನಿಲ್ಲುತ್ತದೆಯೋ ಅವರು ಕವಿತೆ ಕಟ್ಟಬೇಕು, ಆಗದಿದ್ದರೆ ದಂಡವಾಗಿ ಕುಡಿಯಬೇಕು. ಆ ದಿನ 26 ಮಂದಿಯಿಂದ 37 ಕವಿತೆಗಳು ಹುಟ್ಟಿದವು. ಅವುಗಳಿಗೆ ಮುನ್ನುಡಿಯಾಗಿ ವಾಂಗ್ ಶೀಝಿ ಅಲ್ಲಿಯೇ ಕುಂಚ ಹಿಡಿದು 28 ಸಾಲುಗಳಲ್ಲಿ 324 ಅಕ್ಷರಗಳನ್ನು ಬರೆದ. ಕೂಟದ ಸಂತೋಷದಿಂದ ಆರಂಭವಾಗುವ ಆ ಬರಹ, ಈ ಸಂತೋಷವೂ ಕಳೆದುಹೋಗುತ್ತದೆ, ನಮ್ಮ ಹಿಂದಿನವರನ್ನು ನಾವು ನೆನೆದು ಮರುಗುವಂತೆ ನಮ್ಮ ಮುಂದಿನವರು ನಮ್ಮನ್ನು ನೆನೆದು ಮರುಗುವರು ಎಂಬ ಅರಿವಿಗೆ ಬಂದು ನಿಲ್ಲುತ್ತದೆ.

ಅದು ಕರಡು. ಎಲ್ಲ ಕರಡುಗಳಂತೆ ಅದರಲ್ಲೂ ತಪ್ಪುಗಳಿವೆ. ನಾಲ್ಕನೆಯ ಸಾಲಿನಲ್ಲಿ ‘ಎತ್ತರದ ಬೆಟ್ಟ’ ಎಂಬರ್ಥದ ಎರಡು ಅಕ್ಷರಗಳು ಬಿಟ್ಟುಹೋಗಿ, ಆಮೇಲೆ ಪಕ್ಕದಲ್ಲಿ ಚಿಕ್ಕದಾಗಿ ಸೇರಿಕೊಂಡಿವೆ. ಕೆಲವೆಡೆ ಮೊದಲು ಬರೆದ ಅಕ್ಷರದ ಮೇಲೆಯೇ ಬೇರೆ ಅಕ್ಷರವನ್ನು ದಪ್ಪವಾಗಿ ಬರೆದು ತಿದ್ದಲಾಗಿದೆ. ಮರುದಿನಗಳಲ್ಲಿ ಅವನು ಅದನ್ನು ಶುದ್ಧಪ್ರತಿ ಮಾಡಲು ಹಲವು ಬಾರಿ ಕುಳಿತನೆಂದೂ, ಯಾವುದೂ ಆ ಕರಡಿನ ಮಟ್ಟಕ್ಕೆ ಬರಲಿಲ್ಲವೆಂದೂ ಕಥೆ ಹೇಳುತ್ತದೆ. ಮೂಲ ಹಾಳೆ ಅವನ ವಂಶದಲ್ಲಿ ಉಳಿದು, ಏಳನೆಯ ತಲೆಮಾರಿನ ಝಿಯೊಂಗ್ ಎಂಬ ಬೌದ್ಧ ಭಿಕ್ಷುವಿನ ಕೈಗೂ ಅವನಿಂದ ಅವನ ಶಿಷ್ಯನಿಗೂ ಬಂದಿತು. ಏಳನೆಯ ಶತಮಾನದ ತಾಂಗ್ ಸಾಮ್ರಾಟ ತಾಯ್‌ಝೊಂಗ್‌ಗೆ ವಾಂಗ್ ಶೀಝಿಯ ಅಕ್ಷರಗಳೆಂದರೆ ಪ್ರಾಣ. ಅವನ ದೂತನೊಬ್ಬ ವೇಷ ಮರೆಸಿಕೊಂಡು ಆ ಶಿಷ್ಯನ ಸ್ನೇಹ ಬೆಳೆಸಿ, ಹಾಳೆಯನ್ನು ಕದ್ದು ತಂದನಂತೆ. 649ರಲ್ಲಿ ಸಾಮ್ರಾಟ ತೀರಿಕೊಂಡಾಗ ಅದನ್ನೂ ಅವನ ಸಮಾಧಿಯೊಳಗೆ ಇಟ್ಟರೆಂದು ಪ್ರತೀತಿ. ಅಲ್ಲಿಂದಾಚೆಗೆ ಮೂಲವನ್ನು ಯಾರೂ ಕಂಡಿಲ್ಲ.

ಹೀಗೆ ಒಂದು ನಾಡಿನ ಇಡೀ ಪರಂಪರೆ ಶಿಖರವೆಂದು ಕೊಂಡಾಡುವ ಬರಹ ಸಾವಿರದ ಮುನ್ನೂರು ವರ್ಷಗಳಿಗೂ ಮೇಲ್ಪಟ್ಟು ನಕಲುಗಳಲ್ಲಿಯೇ ಬದುಕಿದೆ. ಸಾಮ್ರಾಟನೇ ತನ್ನ ಆಸ್ಥಾನದವರಿಂದ ಪ್ರತಿಗಳನ್ನು ಮಾಡಿಸಿದ್ದ; ಅವುಗಳಲ್ಲಿ ಫೆಂಗ್ ಚೆಂಗ್‌ಸು ಎಂಬವನದೆಂದು ಹೇಳುವ ಪ್ರತಿ ಬೀಜಿಂಗಿನ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಚೀನೀ ಪರಂಪರೆ ನಕಲಿನ ಎರಡು ದಾರಿಗಳನ್ನು ಬೇರೆ ಬೇರೆಯಾಗಿ ಹೆಸರಿಸಿದೆ. ಮೂಲದ ಮೇಲೆ ತೆಳುವಾದ ಕಾಗದವನ್ನಿಟ್ಟು ತಿದ್ದುವುದು ‘ಮೋ’. ಮೂಲವನ್ನು ಪಕ್ಕದಲ್ಲಿಟ್ಟುಕೊಂಡು, ನೋಡಿ, ಸ್ವಂತ ಕೈಯಿಂದ ಬರೆಯುವುದು ‘ಲಿನ್’. ‘ಮೋ’ ವಿಧಾನದಲ್ಲಿ ಪ್ರತಿ ಗೆರೆಯ ಅಂಚನ್ನು ಕೂದಲೆಳೆಯಷ್ಟು ಸಣ್ಣದಾಗಿ ಎಳೆದುಕೊಂಡು ಒಳಗೆ ಶಾಯಿ ತುಂಬುತ್ತಿದ್ದರು. ಹಾಗೆ ಮಾಡಿದ ಪ್ರತಿಯ ಚಿತ್ರವನ್ನು ಮೊದಲ ಸಲ ದೊಡ್ಡದಾಗಿ ನೋಡಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಸಂಗತಿ: ನಕಲು ಮಾಡಿದವನು ತಪ್ಪುಗಳನ್ನೂ ನಕಲು ಮಾಡಿದ್ದಾನೆ. ಬಿಟ್ಟುಹೋಗಿ ಆಮೇಲೆ ಸೇರಿಸಿದ ಆ ‘ಎತ್ತರದ ಬೆಟ್ಟ’ ಅಲ್ಲಿಯೇ ಇದೆ. ಅಕ್ಷರದ ಮೇಲೆ ಅಕ್ಷರ ಬಿದ್ದ ಜಾಗ ಹಾಗೆಯೇ ಇದೆ. ಅವನ್ನು ನೇರ್ಪಡಿಸಿ ಚೊಕ್ಕ ಪ್ರತಿಯೊಂದನ್ನು ಸಾಮ್ರಾಟನಿಗೆ ಒಪ್ಪಿಸುವುದು ಸುಲಭವಿತ್ತು. ಅವನು ತಿದ್ದುಪಡಿಯನ್ನೂ ತಿದ್ದಿದ.

ಝಿಯೊಂಗ್ ಭಿಕ್ಷುವಿನ ಬಗ್ಗೆ ಇನ್ನಷ್ಟು ಹೇಳಬೇಕು. ಅವನು ಮೂವತ್ತು ವರ್ಷ ಮಠದ ಅಟ್ಟವೊಂದರಿಂದ ಕೆಳಗಿಳಿಯದೆ, ಒಂದೇ ಒಂದು ಅಕ್ಷರವೂ ಮರುಕಳಿಸದ ‘ಸಾವಿರ ಅಕ್ಷರಗಳ ಪಾಠ’ವನ್ನು ವಾಂಗ್ ಶೀಝಿಯ ಶೈಲಿಯಲ್ಲಿ ಎಂಟುನೂರು ಬಾರಿ ಬರೆದು ಮಠಗಳಿಗೆ ಹಂಚಿದನೆಂದು ಹಳೆಯ ಬರಹಗಳು ಹೇಳುತ್ತವೆ. ಸವೆದ ಕುಂಚದ ತುದಿಗಳನ್ನು ಬುಟ್ಟಿಗಳಲ್ಲಿ ತುಂಬಿಸಿಟ್ಟು, ಕೊನೆಗೆ ಮಣ್ಣಿನಲ್ಲಿ ಹೂತು, ಅದಕ್ಕೆ ‘ನಿವೃತ್ತ ಕುಂಚಗಳ ಸಮಾಧಿ’ ಎಂದು ಹೆಸರಿಟ್ಟನಂತೆ. ಲೆಕ್ಕದಲ್ಲಿ ಹೆಚ್ಚುಕಡಿಮೆ ಇದ್ದೀತು. ಆದರೆ ಕುಂಚಕ್ಕೊಂದು ಸಮಾಧಿ ಕಟ್ಟಬೇಕೆಂದು ತೋರುವಷ್ಟು ಬರೆದವನಿಗೆ ತನ್ನ ಉಪಕರಣದ ಮೇಲಿದ್ದ ಪ್ರೀತಿ ನನಗೆ ನಿಜವೆಂದೇ ತೋರುತ್ತದೆ.

ನಾನು ಕಲಿತದ್ದು ಮೊದಲು ಚಪ್ಪಟೆ ತುದಿಯ ಲೇಖನಿಯಲ್ಲಿ. ಈ ಲೇಖನಿಯ ಗುಟ್ಟು ಚಿಕ್ಕದು, ಕೈಗೆ ಬರುವುದು ಮಾತ್ರ ನಿಧಾನ. ತುದಿ ಉಳಿಯ ಬಾಯಿಯಂತೆ ಅಗಲವಾಗಿರುತ್ತದೆ. ಅದನ್ನು ಸಾಲಿಗೆ ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು, ಆ ಓರೆಯನ್ನು ಬದಲಿಸದೆ ಕೈಯನ್ನು ಆಡಿಸಿದರೆ, ದಪ್ಪ ಎಲ್ಲಿ ಬರಬೇಕು, ತೆಳು ಎಲ್ಲಿ ಬರಬೇಕು ಎಂಬುದನ್ನು ಲೇಖನಿಯೇ ತೀರ್ಮಾನಿಸುತ್ತದೆ. ನಮ್ಮ ‘ಠ’ದ ಹೊರಗಿನ ದುಂಡನ್ನು ಹೀಗೆ ಬರೆದು ನೋಡಿ. ಗಡಿಯಾರದ ಮುಖವೆಂದುಕೊಂಡರೆ, ಹನ್ನೊಂದು ಮತ್ತು ಐದು ಗಂಟೆಯ ಬಳಿ ಗೆರೆ ನೂಲಿನಂತೆ ತೆಳುವಾಗುತ್ತದೆ; ಎರಡು ಮತ್ತು ಎಂಟರ ಬಳಿ ತುಂಬಿ ದಪ್ಪವಾಗುತ್ತದೆ. ಇಡೀ ದುಂಡು ಸ್ವಲ್ಪ ಎಡಕ್ಕೆ ವಾಲಿ ನಿಂತಂತೆ ಕಾಣುತ್ತದೆ. ಮೊದಲ ತಿಂಗಳುಗಳಲ್ಲಿ ನನ್ನ ದುಂಡುಗಳೆಲ್ಲ ಸಪ್ಪೆಯಾಗಿರುತ್ತಿದ್ದವು, ಏಕೆಂದು ತಿಳಿಯುತ್ತಿರಲಿಲ್ಲ. ಒಂದು ದಿನ ಕಲಿಸುವವರು ಏನೂ ಮಾತಾಡದೆ ನನ್ನ ಅಕ್ಷರದ ಕೆಳಗೆ ತಮ್ಮ ಅಕ್ಷರವನ್ನು ಬರೆದಿಟ್ಟರು. ಎರಡನ್ನೂ ಬಹಳ ಹೊತ್ತು ನೋಡಿದ ಮೇಲೆ, ತಿರುವಿನಲ್ಲಿ ನನ್ನ ಬೆರಳುಗಳು ತಮಗರಿವಿಲ್ಲದೆ ಲೇಖನಿಯನ್ನು ಹೊರಳಿಸುತ್ತಿದ್ದವೆಂಬುದು ಗೊತ್ತಾಯಿತು. ನಾನು ಅಕ್ಷರದ ಆಕಾರವನ್ನು ಚಿತ್ರದಂತೆ ಬಿಡಿಸಲು ಹೋಗುತ್ತಿದ್ದೆ. ಅವರು ಚಲನೆಯನ್ನು ಬರೆಯುತ್ತಿದ್ದರು, ಆಕಾರ ಅದರ ಬೆನ್ನಿಗೆ ಬರುತ್ತಿತ್ತು.

ಈ ಮಾತನ್ನು ಯುರೋಪು ಒಮ್ಮೆ ಮರೆತು ಮತ್ತೆ ಕಂಡುಕೊಂಡಿದೆ. ಅಚ್ಚುಮೊಳೆಗಳೂ, ಒತ್ತಿದಷ್ಟೂ ಬಾಯಿ ತೆರೆಯುವ ಚೂಪು ನಿಬ್ಬುಗಳೂ ಬಂದ ಮೇಲೆ, ಹಳೆಯ ಹಸ್ತಪ್ರತಿಗಳ ದಪ್ಪ-ತೆಳುಗಳು ಎಲ್ಲಿಂದ ಬಂದವೆಂಬ ತಿಳಿವಳಿಕೆ ಮಸುಕಾಗಿತ್ತು. ಅವುಗಳನ್ನು ಅನುಕರಿಸುವವರು ಚೂಪಾದ ತುದಿಯಿಂದ ಅಂಚು ಎಳೆದು ಒಳಗೆ ಬಣ್ಣ ತುಂಬುತ್ತಿದ್ದರು. ವೈದ್ಯ ಶಿಕ್ಷಣವನ್ನು ಅರ್ಧಕ್ಕೆ ಬಿಟ್ಟು ಲಂಡನ್ನಿಗೆ ಬಂದ ಎಡ್ವರ್ಡ್ ಜಾನ್‌ಸ್ಟನ್ ಎಂಬ ತರುಣ, ಸಿಡ್ನಿ ಕಾಕರೆಲ್ ಮೊದಲಾದವರು ತೋರಿಸಿದ ಹಸ್ತಪ್ರತಿಗಳ ಮುಂದೆ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ದಿನಗಟ್ಟಲೆ ಕುಳಿತ. ಗರಿಯನ್ನೂ ಜೊಂಡನ್ನೂ ತಾನೇ ಕೆತ್ತಿಕೊಂಡು, ಸಾವಿರ ವರ್ಷ ಹಿಂದಿನ ಲಿಪಿಕಾರನ ಕೈ ಹೇಗೆ ಓಡಿರಬಹುದೆಂದು ಗೆರೆಗೆರೆಯಾಗಿ ಹಿಂಬಾಲಿಸಿದ. 1899ರಲ್ಲಿ ಲಂಡನ್ನಿನ ಸೆಂಟ್ರಲ್ ಸ್ಕೂಲಿನಲ್ಲಿ ಪಾಠ ಆರಂಭಿಸಿದ. 1906ರಲ್ಲಿ ಅವನ ಕೈಪಿಡಿ ಹೊರಬಂದಿತು. ಹತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಬರೆದ ‘ರ‍್ಯಾಮ್ಸೆ ಸಾಲ್ಟರ್’ ಎಂಬ ಪ್ರಾರ್ಥನಾ ಗ್ರಂಥದ ಅಕ್ಷರವನ್ನು ಅವನು ಬುನಾದಿಯಾಗಿ ಇಟ್ಟುಕೊಂಡ. ಲೇಖನಿಯ ಅಗಲದ ನಾಲ್ಕರಷ್ಟು ಎತ್ತರ, 30 ಡಿಗ್ರಿ ಓರೆ, ದುಂಡನೆಯ ಒಡಲು. ಇಂದಿಗೂ ಬಹಳಷ್ಟು ಜನ ಈ ಕಲೆಗೆ ಕಾಲಿಡುವುದು ಆ ಅಕ್ಷರದ ಮೂಲಕವೇ. ನಾನೂ ಹಾಗೆಯೇ ಬಂದೆ. ಅದನ್ನು ಮೊದಲು ಬರೆದ ಲಿಪಿಕಾರನ ಹೆಸರು ಯಾರಿಗೂ ತಿಳಿಯದು. ಅವನ ಮಣಿಕಟ್ಟು ಹೊರಳಿದ ಬಗೆಯನ್ನು ಮಾತ್ರ ಜಗತ್ತಿನ ಎಷ್ಟೋ ಜನ ಪ್ರತಿದಿನ ಅಭ್ಯಾಸ ಮಾಡುತ್ತಾರೆ.

ಅದಕ್ಕೂ ಐನೂರು ವರ್ಷಗಳ ಹಿಂದೆ ಫ್ಲಾರೆನ್ಸಿನಲ್ಲಿ ಇಂಥದೇ ಒಂದು ಪ್ರಸಂಗ ನಡೆದಿತ್ತು. ಪೋಜಿಯೊ ಬ್ರಾಚ್ಚೊಲೀನಿ, ನಿಕೊಲೋ ನಿಕೊಲಿ ಮೊದಲಾದ ವಿದ್ವಾಂಸರು ತಮ್ಮ ಕಾಲದ ಒತ್ತೊತ್ತಾದ ಗೋಥಿಕ್ ಅಕ್ಷರಗಳಿಂದ ಬೇಸತ್ತಿದ್ದರು. ರೋಮನ್ ಲೇಖಕರ ಗ್ರಂಥಗಳು ಅವರಿಗೆ ಸಿಕ್ಕಿದ್ದು ಒಂಬತ್ತರಿಂದ ಹನ್ನೆರಡನೆಯ ಶತಮಾನದ ಪ್ರತಿಗಳಲ್ಲಿ, ಶಾರ್ಲಮೇನ್ ಚಕ್ರವರ್ತಿಯ ಕಾಲದಲ್ಲಿ ರೂಪುಗೊಂಡ ನಿಚ್ಚಳವಾದ ಲಿಪಿಯಲ್ಲಿ. ಅದನ್ನು ಅವರು ‘ಪ್ರಾಚೀನ ಅಕ್ಷರ’ವೆಂದು ಕರೆದು ಶ್ರದ್ಧೆಯಿಂದ ತಿದ್ದಿದರು. ಮುದ್ರಣ ಇಟಲಿಗೆ ಬಂದಾಗ ಮೊಳೆ ಕೆತ್ತುವವರ ಮುಂದಿದ್ದದ್ದು ಈ ಕೈಬರಹ. 1470ರಲ್ಲಿ ವೆನಿಸ್ಸಿನಲ್ಲಿ ನಿಕೊಲಾ ಜೆನ್ಸನ್ ಅದನ್ನು ಅಚ್ಚಿನ ಅಕ್ಷರವಾಗಿ ನೆಲೆಗೊಳಿಸಿದ. ಇಂದು ಜಗತ್ತಿನ ಪರದೆಗಳ ಮೇಲೆಲ್ಲ ಕಾಣುವ ರೋಮನ್ ಚಿಕ್ಕಕ್ಷರಗಳು ನಕಲಿನ ನಕಲಾಗಿ ಹೀಗೆ ನಮ್ಮವರೆಗೆ ಬಂದಿವೆ.

ಅರಬ್ಬೀ ಲಿಪಿಯ ಪರಂಪರೆಯಲ್ಲಿ ಈ ಹಿಂಬಾಲಿಕೆ ಇನ್ನಷ್ಟು ಕಟ್ಟುನಿಟ್ಟು, ನನ್ನ ಕಣ್ಣಿಗೆ ಇನ್ನಷ್ಟು ಮನಮುಟ್ಟುವಂಥದು. ಹತ್ತನೆಯ ಶತಮಾನದ ಬಾಗ್ದಾದಿನಲ್ಲಿ ಮೂರು ಬಾರಿ ವಜೀರನಾಗಿದ್ದ ಇಬ್ನ್ ಮುಕ್ಲಾ ಅಕ್ಷರಗಳಿಗೆ ಅಳತೆಯನ್ನು ಕೊಟ್ಟವನೆಂದು ಪ್ರಸಿದ್ಧ. ಜೊಂಡಿನ ಲೇಖನಿಯನ್ನು ಕಾಗದದ ಮೇಲೆ ಒಮ್ಮೆ ಒತ್ತಿ ಎಳೆದರೆ ವಜ್ರಾಕೃತಿಯ ಒಂದು ಚುಕ್ಕೆ ಮೂಡುತ್ತದೆ. ಇಷ್ಟು ಚುಕ್ಕೆಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ನೆಟ್ಟಗೆ ನಿಲ್ಲುವ ಮೊದಲ ಅಕ್ಷರ ‘ಅಲಿಫ್’ನ ಎತ್ತರ; ಆ ಅಲಿಫ್ ವ್ಯಾಸವಾಗುವಂತೆ ಎಳೆದ ವೃತ್ತದಿಂದ ಉಳಿದ ಅಕ್ಷರಗಳ ಬಾಗು. ಲೇಖನಿ ದೊಡ್ಡದಾದರೆ ಚುಕ್ಕೆಯೂ ದೊಡ್ಡದಾಗುತ್ತದೆ, ಪ್ರಮಾಣ ಮಾತ್ರ ಕದಲುವುದಿಲ್ಲ. ರಾಜಕೀಯದ ಸುಳಿಗೆ ಸಿಕ್ಕಿ ಅವನ ಬಲಗೈಯನ್ನು ಕಡಿದರು. ಮೊಂಡುಗೈಗೆ ಲೇಖನಿಯನ್ನು ಕಟ್ಟಿಕೊಂಡು ಬರೆಯುತ್ತಿದ್ದನೆಂದು ಹೇಳುತ್ತಾರೆ. 940ರಲ್ಲಿ ಅವನು ಸೆರೆಯಲ್ಲಿ ತೀರಿಕೊಂಡ. ಅವನದೇ ಎಂದು ನಿಸ್ಸಂಶಯವಾಗಿ ತೋರಿಸಬಹುದಾದ ಹಾಳೆ ಒಂದೂ ಉಳಿದಿಲ್ಲ. ಉಳಿದದ್ದು ಅಳತೆ, ಅದನ್ನು ಕಲಿತವರ ಕೈಗಳು.

ಆ ಕೈಗಳಲ್ಲಿ ಇಬ್ನ್ ಅಲ್ ಬವ್ವಾಬನದು ಎಲ್ಲಕ್ಕಿಂತ ದೊಡ್ಡದು. ಶಿರಾಜಿನ ಅರಸನ ಗ್ರಂಥಭಂಡಾರದಲ್ಲಿ ಇಬ್ನ್ ಮುಕ್ಲಾ ಬರೆದ, 30 ಭಾಗಗಳ ಕುರಾನಿನ 29 ಭಾಗಗಳು ಅವನಿಗೆ ಸಿಕ್ಕವು, ಒಂದು ಕಾಣೆಯಾಗಿತ್ತು. ಆ ಒಂದನ್ನು ತಾನು ಬರೆದು ಸೇರಿಸುವುದಾಗಿಯೂ ಯಾವುದು ತನ್ನದೆಂದು ಅರಸ ಗುರುತಿಸಲಾರನೆಂದೂ ಅವನು ಹೇಳಿದ. ಅರಸನಿಗೆ ಕೊನೆಗೂ ಗುರುತು ಹತ್ತಲಿಲ್ಲ ಎಂದು ಹಳೆಯ ಚರಿತ್ರಕಾರರು ದಾಖಲಿಸಿದ್ದಾರೆ. ಅಷ್ಟು ಸಂಪೂರ್ಣವಾಗಿ ಇನ್ನೊಬ್ಬನಾಗಬಲ್ಲವನು ಸ್ವಂತ ಹೆಸರಿನಲ್ಲಿ ಬರೆದ ಕುರಾನ್ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಹಿಜರಿ 391, ಅಂದರೆ ಸುಮಾರು ಕ್ರಿ.ಶ. 1000ದ ಕೃತಿ. ಅದರ ಸಾಲುಗಳಲ್ಲಿ ಯಾವ ಆತುರವೂ ಇಲ್ಲ, ಪ್ರದರ್ಶನವೂ ಇಲ್ಲ. ಉಸಿರಾಟದಂತೆ ಸಮನಾಗಿ ಹರಿಯುವ ಆ ಬರಹವನ್ನು ಯಾರೂ ಇನ್ನೊಬ್ಬರದೆಂದು ಹೇಳಲಾರರು.

ಆಟೊಮನ್ ತುರ್ಕರಲ್ಲಿ ಈ ಗುರುಪರಂಪರೆ ಒಂದು ವಿಧಿಯನ್ನೇ ಪಡೆಯಿತು. ಶಿಷ್ಯನ ಮೊದಲ ಪಾಠ ಬಿಡಿ ಅಕ್ಷರವೂ ಅಲ್ಲ, ಒಂದು ಪ್ರಾರ್ಥನೆ: ‘ಪ್ರಭುವೇ, ಸುಲಭಗೊಳಿಸು, ಕಷ್ಟಗೊಳಿಸಬೇಡ, ಒಳಿತಿನಲ್ಲಿ ಮುಗಿಸು.’ ಈ ಒಂದು ಸಾಲು ಗುರುವಿಗೆ ಒಪ್ಪಿಗೆಯಾಗುವವರೆಗೆ, ಎಷ್ಟು ತಿಂಗಳಾದರೂ ಸರಿ, ಅದನ್ನೇ ಬರೆಯಬೇಕು. ಗುರು ತಪ್ಪಿದ ಅಕ್ಷರಗಳನ್ನು ಕೆಳಗೆ ತನ್ನ ಕೈಯಲ್ಲಿ ಬರೆದು, ಚುಕ್ಕೆಗಳಿಂದ ಅಳತೆ ತೋರಿಸಿ ಹಿಂದಿರುಗಿಸುತ್ತಾನೆ. ವರ್ಷಗಳ ನಂತರ ಶಿಷ್ಯ ಹಿಂದಿನ ಉಸ್ತಾದರೊಬ್ಬರ ಕೃತಿಯನ್ನು ನಕಲು ಮಾಡಿ ಒಪ್ಪಿಸುತ್ತಾನೆ. ಅದರ ಕೆಳಗೆ ಗುರು ಅನುಮತಿಯ ಸಾಲುಗಳನ್ನು ಬರೆದುಕೊಡುತ್ತಾನೆ. ಇದಕ್ಕೆ ‘ಇಜಾಜತ್’ ಎಂದು ಹೆಸರು. ಅದು ಸಿಕ್ಕ ಮೇಲೆಯೇ ‘ಇದನ್ನು ಬರೆದವನು ಇಂಥವನು’ ಎಂದು ಸಹಿ ಹಾಕುವ ಹಕ್ಕು. ಸ್ವಂತ ಹೆಸರು ಬರೆಯುವ ಅರ್ಹತೆಯನ್ನು ಇನ್ನೊಬ್ಬರ ಅಕ್ಷರವನ್ನು ಬರೆದು ಸಂಪಾದಿಸಬೇಕು ಎಂಬ ಈ ಏರ್ಪಾಟನ್ನು ಓದಿದಂದು ನಾನು ನನ್ನ ಹಾಳೆಗಳ ಮೂಲೆಯಲ್ಲಿ ಹೆಸರು ಬರೆಯುವುದನ್ನು ನಿಲ್ಲಿಸಿದೆ.

ಅದೇ ಪರಂಪರೆಯ ಇನ್ನೊಂದು ಸಂಗತಿ ನನಗೆ ತುಂಬ ಪ್ರಿಯ. ಅಭ್ಯಾಸದ ಹಾಳೆಯನ್ನು ವ್ಯರ್ಥ ಮಾಡದೆ, ಬರೆದದ್ದರ ಮೇಲೆಯೇ ಅಡ್ಡಡ್ಡ, ತಲೆಕೆಳಗಾಗಿ ಮತ್ತೆ ಮತ್ತೆ ಬರೆಯುತ್ತ ಹೋದಾಗ ಹಾಳೆ ಕಪ್ಪಾಗುತ್ತದೆ. ತುರ್ಕರು ಇದನ್ನು ‘ಕರಲಾಮಾ’ ಎಂದರು, ಇರಾನಿನವರು ‘ಸಿಯಾಹ್ ಮಶ್ಕ್’ ಎಂದರು. ಎರಡರಲ್ಲೂ ಕಪ್ಪಿನ ಅರ್ಥವೇ ಇದೆ. ಕಾಲ ಕಳೆದಂತೆ ಆ ಕಪ್ಪಾದ ಹಾಳೆಗಳನ್ನೇ ಜನ ಜೋಪಾನ ಮಾಡತೊಡಗಿದರು, ಅಂಚು ಕಟ್ಟಿ ಗೋಡೆಗೆ ತೂಗುಹಾಕಿದರು, ಉಸ್ತಾದರು ಅವಕ್ಕೆ ಸಹಿಯನ್ನೂ ಹಾಕಿದರು. ಅಲ್ಲಿ ಓದಲು ಒಂದು ವಾಕ್ಯವೂ ಇರುವುದಿಲ್ಲ. ಒಂದೇ ಬಾಗು ಹತ್ತು, ಹದಿನೈದು ಸಲ, ಪ್ರತಿ ಸಲವೂ ಕೂದಲಿನಷ್ಟು ಬೇರೆಯಾಗಿ, ಒಂದರ ಹೆಗಲಿನ ಮೇಲೆ ಇನ್ನೊಂದು ಕೈಯಿಟ್ಟಂತೆ ಸಾಗುತ್ತದೆ.

ತಾಳೆಗರಿಯಲ್ಲಿ ಬರೆದವರಿಗೆ ಇಂಥ ಮೆರವಣಿಗೆ ದಕ್ಕಲಿಲ್ಲ. ಅಲ್ಲಿ ಕಂಠವೆಂಬ ಕಬ್ಬಿಣದ ಮೊನೆ ಗರಿಯನ್ನು ಗೀರುತ್ತದಷ್ಟೆ. ಆಮೇಲೆ ಮಸಿಯನ್ನು ತೀಡಿ ಒರೆಸಿದ ಮೇಲೆ ಅಕ್ಷರ ಕಣ್ಣಿಗೆ ಬೀಳುತ್ತದೆ. ಬರೆಯುವ ಹೊತ್ತಿನಲ್ಲಿ ಲಿಪಿಕಾರ ತನ್ನ ಅಕ್ಷರವನ್ನು ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಎಡಗೈ ಹೆಬ್ಬೆರಳು ತಳ್ಳಿದಂತೆ ಕಂಠ ಸರಿಯುತ್ತದೆ, ರೂಢಿಯೊಂದೇ ಅವನ ಕಣ್ಣು. ಗರಿಗಳು ಹುಳು ಹಿಡಿದು, ಒಣಗಿ ಮುರಿಯುವುದರಿಂದ ಗ್ರಂಥ ಉಳಿಯಬೇಕಾದರೆ ತಲೆಮಾರು ತಲೆಮಾರಿಗೂ ಪ್ರತಿ ಮಾಡಲೇಬೇಕಿತ್ತು. ‘ಯಾದೃಶಂ ಪುಸ್ತಕಂ ದೃಷ್ಟ್ವಾ ತಾದೃಶಂ ಲಿಖಿತಂ ಮಯಾ’ ಎಂದು ಎಷ್ಟೋ ಹಸ್ತಪ್ರತಿಗಳ ಕೊನೆಯಲ್ಲಿದೆ: ಪುಸ್ತಕ ಹೇಗೆ ಕಂಡಿತೋ ಹಾಗೆ ಬರೆದಿದ್ದೇನೆ, ಶುದ್ಧವಿರಲಿ ಅಶುದ್ಧವಿರಲಿ, ದೋಷ ನನ್ನದಲ್ಲ. ಇನ್ನೊಂದು ಶ್ಲೋಕ ಬೆನ್ನು, ಸೊಂಟ, ಕುತ್ತಿಗೆ ಮುರಿದು, ಕಣ್ಣು ನೆಟ್ಟು, ತಲೆ ಬಗ್ಗಿಸಿ ಕಷ್ಟದಿಂದ ಬರೆದ ಈ ಗ್ರಂಥವನ್ನು ಜೋಪಾನ ಮಾಡಿ ಎಂದು ಬೇಡುತ್ತದೆ. ಯುರೋಪಿನ ಮಠಗಳ ಲಿಪಿಕಾರರೂ ತಮ್ಮ ಪ್ರತಿಗಳ ಕೊನೆಯಲ್ಲಿ, ಬರೆಯುವುದು ಮೂರು ಬೆರಳಾದರೂ ದುಡಿಯುವುದು ಇಡೀ ದೇಹ ಎಂದು ಬರೆದಿಟ್ಟಿದ್ದಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದಿದ್ದರೂ ನೋವು ಒಂದೇ ಕಡೆ ಇತ್ತು.

ಹೀಗೆ ಇನ್ನೊಬ್ಬರನ್ನೇ ತಿದ್ದುತ್ತಿದ್ದರೆ ತನ್ನತನ ಉಳಿಯುವುದೆಲ್ಲಿ ಎಂದು ಕೇಳುವವರಿಗೆ ನಾನು ಲಾನ್‌ಟಿಂಗ್ ಮುನ್ನುಡಿಯನ್ನೇ ತೋರಿಸುತ್ತೇನೆ. ಅದರಲ್ಲಿ ‘ಝಿ’ ಎಂಬ ಸಣ್ಣ ಅವ್ಯಯ ಸುಮಾರು 20 ಸಲ ಬರುತ್ತದೆ, ಒಂದು ಸಲ ಇದ್ದಂತೆ ಇನ್ನೊಂದು ಸಲ ಇಲ್ಲ. ವಾಂಗ್ ಶೀಝಿಗೇ ವಾಂಗ್ ಶೀಝಿಯನ್ನು ನಕಲು ಮಾಡಲಾಗಲಿಲ್ಲ. ಕೈ ಯಂತ್ರವಲ್ಲದ್ದರಿಂದ, ಎಷ್ಟು ನಿಷ್ಠೆಯಿಂದ ಹಿಂಬಾಲಿಸಿದರೂ ಎಲ್ಲೋ ಒಂದು ಕಡೆ ನಮ್ಮ ಮೂಳೆಯ ಉದ್ದ, ನಮ್ಮ ಉಸಿರಿನ ವೇಗ, ನಮ್ಮ ಹಿಂಜರಿಕೆ ಒಳನುಗ್ಗುತ್ತದೆ. ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹುಡುಕಿಕೊಂಡು ಹೋದವರ ಅಕ್ಷರಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಸೋಗು.

ಕಳೆದ ಕೆಲವು ತಿಂಗಳಿಂದ ನಾನು ಕುಂಚದಲ್ಲಿ ಅಭ್ಯಾಸ ಮಾಡುತ್ತಿರುವುದು ತಾಂಗ್ ಕಾಲದ ಅಧಿಕಾರಿ ಯಾನ್ ಝೆನ್‌ಚಿಂಗ್ ಬರೆದ ಒಂದು ಕರಡನ್ನು. 755ರಲ್ಲಿ ಆನ್ ಲುಶಾನ್ ಎಂಬ ಸೇನಾಪತಿ ತಾಂಗ್ ಸಾಮ್ರಾಜ್ಯದ ವಿರುದ್ಧ ದಂಗೆ ಎದ್ದಾಗ, ಯಾನ್ ವಂಶದವರು ಅವನಿಗೆ ತಲೆಬಾಗದೆ ನಿಂತರು. ಅದಕ್ಕೆ ಬೆಲೆಯಾಗಿ ಯಾನ್ ಝೆನ್‌ಚಿಂಗ್‌ನ ದಾಯಾದಿ ಅಣ್ಣನನ್ನೂ, ಆ ಅಣ್ಣನ ಮಗನಾದ ಯಾನ್ ಜಿಮಿಂಗ್‌ನನ್ನೂ ಕೊಂದರು. 758ರಲ್ಲಿ ಆ ಹುಡುಗನ ತಲೆ ಮಾತ್ರ ಮನೆಯವರಿಗೆ ಸಿಕ್ಕಿತು. ಅದರ ಮುಂದೆ ಓದಲೆಂದು ಸುಮಾರು ಐವತ್ತು ವಯಸ್ಸಿನ ಚಿಕ್ಕಪ್ಪ ಬರೆದ ಶ್ರದ್ಧಾಂಜಲಿಯ ಕರಡು ಇದು. ಇದು ಮೂಲವೇ ಉಳಿದಿದೆ, ತೈಪೆಯ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಲಾನ್‌ಟಿಂಗ್‌ನ ನಂತರದ ಸ್ಥಾನವನ್ನು ಪರಂಪರೆ ಇದಕ್ಕೆ ಕೊಟ್ಟಿದೆ. ಆರಂಭದಲ್ಲಿ ದಿನಾಂಕವನ್ನೂ ಪದವಿಗಳನ್ನೂ ಬರೆಯುವಾಗ ಸಾಲುಗಳು ಹಿಡಿತದಲ್ಲಿವೆ. ಹುಡುಗನ ಮಾತು ಬಂದ ಮೇಲೆ ಅಕ್ಷರಗಳು ಹಿರಿದಾಗುತ್ತವೆ, ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆದು ಅದನ್ನೂ ಹೊಡೆದುಹಾಕಲಾಗಿದೆ, ಶಾಯಿ ತೀರಿದರೂ ಕುಂಚವನ್ನು ಅದ್ದದೆ ಎಳೆದ ಗೆರೆಗಳು ಒಡೆದು ಬೂದಿಯ ಬಣ್ಣಕ್ಕೆ ತಿರುಗುತ್ತವೆ.

ನನಗೆ ಚೀನೀ ಭಾಷೆ ಬಾರದು. ಅರ್ಥವನ್ನು ಅನುವಾದದಿಂದ ತಿಳಿದುಕೊಂಡಿದ್ದೇನೆ. ಮೊದಮೊದಲು ಹೊಡೆದುಹಾಕಿದ ಭಾಗಗಳನ್ನು ಬಿಟ್ಟು, ಉಳಿದ ಅಕ್ಷರಗಳನ್ನಷ್ಟೇ ಸಾಲಾಗಿ ಬರೆಯುತ್ತಿದ್ದೆ. ಅಕ್ಷರಗಳು ಒಂದಕ್ಕೊಂದು ಸಂಬಂಧವಿಲ್ಲದೆ ನಿಲ್ಲುತ್ತಿದ್ದವು. ಕಳೆದ ವಾರ ಎಲ್ಲವನ್ನೂ, ಕಾಟುಗಳ ಸಮೇತ, ಅವನು ಬರೆದ ಕ್ರಮದಲ್ಲಿಯೇ ಬರೆಯತೊಡಗಿದೆ. ಹೊಡೆದುಹಾಕುವ ಗೆರೆಗೆ ಒಂದು ವೇಗವಿದೆ. ಆ ವೇಗದಲ್ಲಿಯೇ ಕೈ ಕೆಳಗಿಳಿದು ಮುಂದಿನ ಅಕ್ಷರಕ್ಕೆ ಬರುತ್ತದೆ, ಆದ್ದರಿಂದಲೇ ಆ ಅಕ್ಷರ ಓರೆಯಾಗಿದೆ. ಅದು ಕಣ್ಣಿನಿಂದ ಎಷ್ಟು ನೋಡಿದರೂ ತಿಳಿದಿರಲಿಲ್ಲ. ಕೊನೆಯ ಸಾಲುಗಳಿಗೆ ಬರುವಷ್ಟರಲ್ಲಿ ನನ್ನ ಕುಂಚವೂ ಒಣಗುತ್ತ ಬಂದಿತ್ತು. ಶಾಯಿ ಪಕ್ಕದಲ್ಲಿಯೇ ಇತ್ತು. ಅವನು ಅಲ್ಲಿ ಅದ್ದಿಕೊಂಡಿರಲಿಲ್ಲ, ನಾನೂ ಹಾಗೆಯೇ ಮುಂದುವರಿದೆ.